ಬರಬೇಡಿರೆಂದ ಊರು

ಲಂಡನ್ನಿನಿಂದ ಉತ್ತರಕ್ಕೆ ಹೊರಟ ರೈಲು ಒಂದು ಗಂಟೆಗೆ ತುಸು ಮೇಲಾಗುವಷ್ಟರಲ್ಲಿ ಲೆಸ್ಟರ್ ನಗರವನ್ನು ಮುಟ್ಟುತ್ತದೆ. ಅಲ್ಲಿಯ ಬೆಲ್‌ಗ್ರೇವ್ ರಸ್ತೆಗೆ ಕಾಲಿಟ್ಟ ಪ್ರವಾಸಿಗೆ ತಾನಿರುವುದು ಇಂಗ್ಲೆಂಡಿನಲ್ಲೋ ಗುಜರಾತಿನಲ್ಲೋ ಎಂಬ ಸಂದೇಹ ಒಂದು ಗಳಿಗೆಯಾದರೂ ಮೂಡದಿರದು. ಕೆಂಪಿಟ್ಟಿಗೆಯ ಹಳೆಯ ಕಟ್ಟಡಗಳ ಸಾಲಿನಲ್ಲಿ ಸೀರೆಯಂಗಡಿ, ಒಡವೆಯಂಗಡಿ, ಮಿಠಾಯಿಯಂಗಡಿ. ದೀಪಾವಳಿಯ ಕಾಲದಲ್ಲಂತೂ ಬೀದಿಯುದ್ದಕ್ಕೂ ದೀಪಗಳ ತೋರಣ. ಜನ ಇದನ್ನು 'ಚಿನ್ನದ ಮೈಲಿ' ಎಂದು ಕರೆಯುತ್ತಾರೆ.

ಆದರೆ ಇದೇ ಊರು ಒಮ್ಮೆ ಈ ಜನರಿಗೆ 'ಬರಬೇಡಿರಿ' ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ತಿಳಿಸಿತ್ತು!

ಕಥೆಯ ಆರಂಭ ಆಫ್ರಿಕದಲ್ಲಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಬಹುಮಂದಿ ಕೆಲಸ ತೀರಿದ ಮೇಲೆ ತಾಯ್ನಾಡಿಗೆ ಮರಳಿದರು. ಹಳಿಯ ಜಾಡು ಹಿಡಿದು ಒಳನಾಡಿಗೆ ಹೋದವರು ಗುಜರಾತಿನ ವರ್ತಕರು. ಅವರ ಪುಟ್ಟ ಅಂಗಡಿಗೆ ಅಲ್ಲಿ 'ದುಕಾ' ಎಂದು ಹೆಸರು. ಎರಡು ಮೂರು ತಲೆಮಾರು ಕಳೆಯುವುದರೊಳಗೆ ಯುಗಾಂಡದ ವ್ಯಾಪಾರದ ಬಹುಪಾಲು ಅವರ ಕೈಸೇರಿತ್ತು.

1972ರ ಆಗಸ್ಟ್ ತಿಂಗಳಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಏಷ್ಯದವರೆಲ್ಲ 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಕಟ್ಟಿದ ಮನೆ, ಕೂಡಿಸಿದ ಹಣ ಎಲ್ಲವೂ ಅಲ್ಲಿಯೇ ಉಳಿದವು. ಒಯ್ಯಲು ಅನುಮತಿಯಿದ್ದದ್ದು ಸುಮಾರು 50 ಪೌಂಡು ಮಾತ್ರ. ಬ್ರಿಟಿಷ್ ರಹದಾರಿ ಹೊಂದಿದ್ದ ಸುಮಾರು 28,000 ಮಂದಿ ಇಂಗ್ಲೆಂಡಿನ ದಾರಿ ಹಿಡಿದರು.

ಲೆಸ್ಟರಿನ ನಗರಸಭೆ ಗಾಬರಿಗೊಂಡಿತು. ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಿಮ್ಮ ಹಿತಕ್ಕಾಗಿಯೇ ಇಲ್ಲಿಗೆ ಬರಬೇಡಿರಿ ಎಂದು 'ಯುಗಾಂಡ ಆರ್ಗಸ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಇತ್ತ ಸರಕಾರದ ಪುನರ್ವಸತಿ ಮಂಡಲಿ ದೇಶವನ್ನು ಎರಡು ಬಣ್ಣಗಳಲ್ಲಿ ವಿಂಗಡಿಸಿತು: ಹೋಗಬಹುದಾದ ಊರುಗಳು ಹಸಿರು, ಹೋಗಬಾರದವು ಕೆಂಪು. ಲೆಸ್ಟರ್ ಕೆಂಪು. ಬಂದವರನ್ನು ಮೊದಲು ಸೈನ್ಯದ ಹಳೆಯ ಶಿಬಿರಗಳಲ್ಲಿ ಇಳಿಸಲಾಯಿತು. ವೇಲ್ಸಿನ ಕಡಲ ತೀರದ ಟೊನ್‌ವಾನೈ ಅವುಗಳಲ್ಲೊಂದು.

ಆದರೆ ನಿರಾಶ್ರಿತನಿಗೆ ಬಣ್ಣ ಕಾಣುವುದಿಲ್ಲ, ನಂಟು ಕಾಣುತ್ತದೆ. ಕೀನ್ಯದಿಂದ ಕೆಲವು ವರ್ಷ ಮೊದಲೇ ಹೊರಬಿದ್ದ ಬಂಧುಗಳು ಲೆಸ್ಟರಿನಲ್ಲಿದ್ದರು. ಅಲ್ಲಿಯ ಹೊಸೈರಿ, ಪಾದರಕ್ಷೆಗಳ ಕಾರ್ಖಾನೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಕೆಲಸವಿತ್ತು. ಬೆಲ್‌ಗ್ರೇವಿನಲ್ಲಿ ಹಳೆಯ ಮನೆಗಳು ಅಗ್ಗವಾಗಿದ್ದವು. ಬೇಡವೆಂದ ಜಾಹೀರಾತೇ ಊರಿನ ಹೆಸರನ್ನು ಕಂಪಾಲಾದ ಮನೆಮನೆಗೂ ಮುಟ್ಟಿಸಿತೆಂದು ಈಗ ನಗುತ್ತ ಹೇಳುವುದುಂಟು.

ಇಂಗ್ಲೆಂಡಿನಲ್ಲಿ ಏಷ್ಯದ ಜನ ನೆಲೆನಿಂತ ಬೇರೆ ಊರುಗಳ ಕಥೆಯೂ ಹೀಗೆಯೇ. ಮಂಗಲಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಮೀರ್‌ಪುರದವರು ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗಳನ್ನು ಸೇರಿದರು. ಪಂಜಾಬಿಗಳು ಲಂಡನ್ನಿನ ಪಶ್ಚಿಮದಲ್ಲಿ, ವಿಮಾನ ನಿಲ್ದಾಣಕ್ಕೆ ಸಮೀಪದ ಸೌತಾಲಿನಲ್ಲಿ ಬೇರೂರಿದರು. ಹಡಗಿನ ಕೂಲಿಗಳಾಗಿ ಬಂದ ಸಿಲ್ಹೆಟಿನವರು ಬಂದರಿನ ಮಗ್ಗುಲಲ್ಲಿಯೇ, ಬ್ರಿಕ್ ಲೇನಿನ ಸುತ್ತ ಉಳಿದರು.

ಲೆಸ್ಟರಿನಲ್ಲಿ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. ಅಂಗಡಿಯ ಒಡೆಯರಾಗಿದ್ದವರು ಯಂತ್ರದ ಮುಂದೆ ನಿಂತರು. 1974ರಲ್ಲಿ ಟೈಪ್‌ರೈಟರ್ ಕಾರ್ಖಾನೆಯೊಂದರ ಏಷ್ಯನ್ ಕೆಲಸಗಾರರು ತಾರತಮ್ಯದ ವಿರುದ್ಧ ಮುಷ್ಕರ ಹೂಡಿದಾಗ ಅವರದೇ ಕಾರ್ಮಿಕ ಸಂಘ ಬೆಂಬಲಿಸಲಿಲ್ಲ. ಮರುವರ್ಷ ಕಾರ್ಖಾನೆಯೇ ಮುಚ್ಚಿತು. ಅವರು ಮಾತ್ರ ಊರು ಬಿಡಲಿಲ್ಲ. ಹಳೆಯ ದುಕಾದ ವಿದ್ಯೆ ಕೈಯಲ್ಲಿತ್ತು. ಒಂದೊಂದಾಗಿ ಬಾಗಿಲು ತೆರೆದವು. ಹಳೆಯ ಇಗರ್ಜಿಯೊಂದು ಅಮೃತಶಿಲೆಯ ಮುಖ ತಳೆದು ಜೈನ ಮಂದಿರವಾಯಿತು.

2021ರ ಜನಗಣತಿಯಂತೆ ನಗರದ ನೂರಕ್ಕೆ 43 ಮಂದಿ ಏಷ್ಯ ಮೂಲದವರು. ಮಂಡಲಿ ಎಂದೋ ಮುಚ್ಚಿಹೋಯಿತು. ಅದರ ಕೆಂಪು ಹಸಿರುಗಳೂ ಅಳಿಸಿಹೋದವು. ಬೆಲ್‌ಗ್ರೇವ್ ರಸ್ತೆಯಲ್ಲಿ ಸಂಜೆಯ ದೀಪ ಹತ್ತಿದಾಗ, ಬರಬೇಡವೆನಿಸಿಕೊಂಡವರ ಮೊಮ್ಮಕ್ಕಳು ಗಿರಾಕಿಗಳನ್ನು 'ಬನ್ನಿ' ಎಂದು ಕರೆಯುತ್ತಿರುತ್ತಾರೆ.