ಎಸ್.ಪಿ. ರಸ್ತೆಯಲ್ಲಿ ವೇಗವಿಳಿಸುವ ವಿದ್ಯೆ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯು, ಜನರ ಬಾಯಲ್ಲಿ ಎಸ್.ಪಿ. ರೋಡು, ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರು ಮಾರುವವರಿಂದ ಕಿಕ್ಕಿರಿದಿದ್ದ 1990ರ ದಶಕದ ಉತ್ತರಾರ್ಧದಲ್ಲಿ, ಪ್ರೊಸೆಸರಿನ ವೇಗವೆಂಬುದು ಅದರ ನೆತ್ತಿಯ ಮೇಲೆ ಅಚ್ಚೊತ್ತಿದ ಸಂಖ್ಯೆಗೆ ಮಾತ್ರವಲ್ಲದೆ ರಿಪೇರಿಯವರ ಚಿಮುಟಕ್ಕೂ ಅಧೀನವಾಗಿದ್ದಿತು. ವೇಗವನ್ನೇರಿಸುವ ಸಾಹಸಕ್ಕೆ ತರುಣರು ಮುಗಿಬೀಳುತ್ತಿದ್ದರು. ಇಳಿಸುವ ವಿದ್ಯೆಗೆ ಅಂಥ ಕೀರ್ತಿ ಲಭಿಸಲಿಲ್ಲ. ಆದರೂ ಹಳೆಯ ಯಂತ್ರಗಳಿಗೆ ಆಯುಷ್ಯವನ್ನಿತ್ತುದು ಈ ಎರಡನೆಯದೇ ಎಂಬುದು ನನ್ನ ಅಭಿಪ್ರಾಯ.

ರಾಯಚೂರು, ಗುಲ್ಬರ್ಗಗಳ ಕಡೆಯ ಡಿ.ಟಿ.ಪಿ. ಅಂಗಡಿಯವರು ಬೇಸಗೆಯಲ್ಲಿ ಹೊತ್ತು ತರುತ್ತಿದ್ದ ದೂರು ಬಹುತೇಕ ಒಂದೇ: ಮದುವೆಯ ಕರೆಯೋಲೆ ಸಿದ್ಧವಾಗುವ ನಡುಮಧ್ಯಾಹ್ನಕ್ಕೆ ಸರಿಯಾಗಿ ಪೆಂಟಿಯಂ ಸ್ತಬ್ಧ. ನಾನು ಹೋಗಿ ಕೂರುತ್ತಿದ್ದ ಅಂಗಡಿಯ ಹಿರಿಯ ಮೆಕ್ಯಾನಿಕ್ಕರು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡ ಧೂಳನ್ನು ಬ್ರಷ್ಷಿನಿಂದ ಕೆಡವಿ, ಫ್ಯಾನಿಗೆ ಹನಿ ಎಣ್ಣೆ ಬಿಟ್ಟು, ಅಷ್ಟಕ್ಕೂ ಬಗ್ಗದಿದ್ದರೆ, ಮದರ್‌ಬೋರ್ಡಿನ ಮೇಲಣ ಸೂಕ್ಷ್ಮಾಕ್ಷರಗಳ ಕೋಷ್ಟಕವನ್ನು ಭೂತಗನ್ನಡಿಯಿಂದ ಓದಿ, ಜಂಪರಿನ ಪುಟ್ಟ ಟೋಪಿಯನ್ನು ಒಂದು ಜೋಡಿ ಕಡ್ಡಿಯಿಂದ ಕಿತ್ತು ಮತ್ತೊಂದಕ್ಕೆ ತೊಡಿಸುತ್ತಿದ್ದರು. 66 ಮೆಗಾಹರ್ಟ್ಸಿನ ಬಸ್ಸಿಗೆ ಎರಡೂವರೆಯಿದ್ದ ಗುಣಕವು ಎರಡಾಗಿ, 166ರ ಪ್ರೊಸೆಸರು 133ರಲ್ಲಿ ನಡೆಯತೊಡಗುವುದು. ವೋಲ್ಟೇಜು ಇದ್ದಂತೆಯೇ ಇದ್ದರೂ ಉಷ್ಣವು ಸುಮಾರು ಐದರಲ್ಲೊಂದು ಪಾಲು ಇಳಿಯುವುದು. ಕ್ಯಾಬಿನೆಟ್ಟಿನ ಮುಖದ ಮೇಲೆ ಹಸಿರಾಗಿ ಹೊಳೆಯುತ್ತಿದ್ದ 166 ಮಾತ್ರ ಹಾಗೆಯೇ ಇರುತ್ತಿತ್ತು. (ಆ ಫಲಕವು ವೇಗವನ್ನು ಅಳೆಯುತ್ತಿರಲೇ ಇಲ್ಲ, ಅಲ್ಲಿನ ಅಂಕಿಯನ್ನೂ ಜಂಪರಿನಿಂದಲೇ ಕೂರಿಸುತ್ತಿದ್ದರು.) ಕೆಲಸ ನಿಧಾನವಾಯಿತೆಂದು ಮರಳಿ ಬಂದವರನ್ನು ನಾನು ಕಾಣೆ.

ತರುವಾಯ ಇಂಟೆಲ್ ಸಂಸ್ಥೆಯವರು ಗುಣಕವನ್ನು ಕಾರ್ಖಾನೆಯಲ್ಲಿಯೇ ಬಂಧಿಸಿದುದರಿಂದ ಬಸ್ಸಿನ ವೇಗವನ್ನಿಳಿಸುವುದೊಂದೇ ಮಾರ್ಗವಾಗಿ ಉಳಿಯಿತು; ಜಂಪರುಗಳ ಕೆಲಸವೂ ಕ್ರಮೇಣ ಬಯೋಸಿನ ನೀಲಿ ಪರದೆಗೆ ಸರಿಯಿತು. ಅಥ್ಲಾನ್ ಎಕ್ಸ್‌ಪಿ 2500+ ಬಂದ ದಿನಗಳಲ್ಲಿ ಬೋರ್ಡಿನ ಗುಂಡುಸೆಲ್ಲು ಸತ್ತರೆ ಸಾಕು, ಬಸ್ಸು 166ರಿಂದ ತಾನಾಗಿ 100ಕ್ಕಿಳಿದು, 1833ರ ಬದಲು 1100 ಎಂದು ತೆರೆಯ ಮೇಲೆ ಕಾಣುತ್ತಿದ್ದಂತೆ, ಗಿರಾಕಿಗಳು ತಮಗೆ ನಕಲಿ ಮಾಲು ಕೊಟ್ಟಿರೆಂದು ರೇಗುತ್ತ ಬರುತ್ತಿದ್ದರು. ಬಯೋಸು ಬಲ್ಲವರಿಗೆ ಅದು ಸೆಲ್ಲು ಬದಲಿಸಿ ಒಂದು ಅಂಕಿ ತಿದ್ದುವಷ್ಟರ ಕೆಲಸ.

2000ದಲ್ಲಿ ಲ್ಯಾಪ್‌ಟಾಪುಗಳಿಗೆ ಸ್ಪೀಡ್‌ಸ್ಟೆಪ್, 2003ರಲ್ಲಿ ಅಥ್ಲಾನ್ 64ರೊಡನೆ ಕೂಲ್ ಎನ್ ಕ್ವಯಟ್ ಬಂದು, ವೇಗವನ್ನೂ ವೋಲ್ಟೇಜನ್ನೂ ಪ್ರೊಸೆಸರುಗಳು ತಾವೇ ಇಳಿಸಿಕೊಳ್ಳತೊಡಗಿದವು. ಉಷ್ಣವು ವೋಲ್ಟೇಜಿನ ವರ್ಗಕ್ಕನುಗುಣವಾಗಿ ತಗ್ಗುವುದಾದ್ದರಿಂದ, ಚಿಮುಟದಿಂದ ಸಾಧಿಸಿದುದಕ್ಕಿಂತ ಇದು ಎಷ್ಟೋ ಮೇಲೆಂಬುದನ್ನು ಒಪ್ಪಲೇಬೇಕು. ಹಿರಿಯರ ಆ ಅಂಗಡಿಯಲ್ಲಿ ಈಗ ಸಿಸಿಟಿವಿ ಕ್ಯಾಮೆರಾಗಳ ವ್ಯಾಪಾರ. ಆದರೂ ಯಾರಾದರೊಬ್ಬರು ತಮ್ಮ ಪ್ರೊಸೆಸರು 800 ತೋರಿಸುತ್ತಿದೆಯೆಂದು ಗಾಬರಿಯಿಂದ ಬಂದರೆ, ಅವರು ತಲೆಯೆತ್ತದೆಯೇ, “ಕೆಲಸ ಕೊಡಿ ಸಾರ್, ಏಳುತ್ತೆ” ಎನ್ನುತ್ತಾರೆ.