ಪ್ರಮಾಣ ಮಾಡಿದವನ ಪಕ್ಕದಲ್ಲಿ ಕೂತವರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಒಂದು ಹಳೆಯ ಗೊಣಗಾಟವಿದೆ: ಗುಂಪಿಗೆ ಪ್ಯಾಲಡಿನ್ ಬಂದನೆಂದರೆ ಆಟದ ಮಜಾ ಹೋಯಿತು. ಪ್ಯಾಲಡಿನ್ ಅಂದರೆ ಧರ್ಮಕ್ಕೆ ಕಟ್ಟುಬಿದ್ದು, ಪ್ರಮಾಣ ಮಾಡಿ ಕತ್ತಿ ಹಿಡಿದ ಯೋಧ. ಅವನು ಸುಳ್ಳು ಹೇಳುವುದಿಲ್ಲ, ಶರಣಾದವರ ಮೇಲೆ ಕೈ ಮಾಡುವುದಿಲ್ಲ. ಉಳಿದವರೆಲ್ಲ ಕೋಟೆಯ ಹಿಂಬಾಗಿಲ ಬೀಗ ತೆಗೆಯಲು ಹೊಂಚು ಹಾಕುತ್ತಿದ್ದರೆ ಇವನು ಮುಂಬಾಗಿಲು ತಟ್ಟಿ ತನ್ನ ಹೆಸರು ಹೇಳುತ್ತಾನೆ. ನಾನು ಆರು ವರ್ಷದಿಂದ ಆಡುತ್ತಿರುವುದು ಇಂಥವನನ್ನೇ.

ಈ ಆಟಕ್ಕೆ ಪರದೆಯಾಗಲಿ ಬೋರ್ಡಾಗಲಿ ಬೇಕೇಬೇಕೆಂದಿಲ್ಲ. ಮೇಜಿನ ಸುತ್ತ ನಾಲ್ಕೈದು ಜನ, ಒಬ್ಬೊಬ್ಬರಿಗೆ ಒಂದು ಪಾತ್ರ, ಆ ಪಾತ್ರದ ಬಲಾಬಲ ಬರೆದ ಒಂದು ಹಾಳೆ. ಕತೆಯ ಲೋಕವನ್ನು ನಡೆಸುವವರು ಡಂಜನ್ ಮಾಸ್ಟರ್. ‘ಗೋಡೆ ಹತ್ತುತ್ತೇನೆ’ ಎಂದು ನೀವು ಹೇಳಿದರೆ, ಹತ್ತಿದಿರೋ ಬಿದ್ದಿರೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಒಂದೇ ಕತೆ ವರ್ಷಗಟ್ಟಲೆ ನಡೆಯುವುದುಂಟು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟವನ್ನು ಹೊರತಂದಾಗ ಪ್ಯಾಲಡಿನ್ ಇರಲಿಲ್ಲ. ಮರುವರ್ಷ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಬಂದ. ಹೆಸರು ಶಾರ್ಲಮೇನ್ ದೊರೆಯ ಹನ್ನೆರಡು ವೀರರ ಕತೆಗಳದ್ದು; ಸ್ವಭಾವಕ್ಕೆ ಪೌಲ್ ಆಂಡರ್ಸನ್ ಬರೆದ ‘ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್’ ಕಾದಂಬರಿಯ ಋಣವಿದೆ. ಪ್ಯಾಲಡಿನ್ ಆಗಲು ವರ್ಚಸ್ಸಿನ ಅಂಕ ಕನಿಷ್ಠ 17 ಇರಬೇಕಿತ್ತು. ಆರು ಮುಖದ ಮೂರು ದಾಳ ಉರುಳಿಸಿದರೆ 216 ಸಾಧ್ಯತೆಗಳಲ್ಲಿ ನಾಲ್ಕರಲ್ಲಿ ಮಾತ್ರ ಅಷ್ಟು ಬೀಳುತ್ತದೆ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪ್ರಕಾರ ಆದಾಯದಲ್ಲಿ ಹತ್ತನೇ ಒಂದು ಪಾಲು ದಾನ ಕೊಡಬೇಕು, ಹತ್ತಕ್ಕಿಂತ ಹೆಚ್ಚು ಮಾಯಾವಸ್ತು ಇಟ್ಟುಕೊಳ್ಳುವಂತಿಲ್ಲ. ತಿಳಿದೂ ತಿಳಿದೂ ಒಂದು ಕೆಡುಕು ಮಾಡಿದರೆ ಪದವಿ ಅಲ್ಲಿಗೇ ಹೋಯಿತು. ಅದಕ್ಕೆ ಪ್ರಾಯಶ್ಚಿತ್ತವೂ ಇಲ್ಲ.

ಇಂಥ ನಿಯಮ ಸಿಕ್ಕರೆ ಬಲೆ ಹೆಣೆಯುವ ಡಂಜನ್ ಮಾಸ್ಟರುಗಳಿಗೆ ಹಬ್ಬ. ಸುಳ್ಳು ಹೇಳಿದರೆ ಮಗು ಉಳಿಯುತ್ತದೆ, ನಿಜ ಹೇಳಿದರೆ ಸಾಯುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ನೀನು ಪತಿತ. ಆಟಗಾರರೂ ಕಡಿಮೆಯಿಲ್ಲ, ತಮ್ಮ ಪ್ರಮಾಣವನ್ನು ಲಾಠಿ ಮಾಡಿಕೊಂಡು ಜೊತೆಯವರ ಮೇಲೆ ಬೀಸುವವರಿದ್ದಾರೆ. ಗೊಣಗಾಟ ಹುಟ್ಟಿದ್ದು ಇವೆರಡರಿಂದ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಿಯಮಪುಸ್ತಕದಲ್ಲಿ ಮಾತು ಮುರಿದವನಿಗೆ ದಂಡ ಬರೆದಿದೆ. ಮಾತು ಉಳಿಸಿಕೊಂಡಾಗ ದಂಡ ತೆರುವವರು ಯಾರು?

ಕಳೆದ ವರ್ಷ ನಮ್ಮ ಕತೆಯಲ್ಲಿ ಒಬ್ಬ ದರೋಡೆಕೋರ ಹುಡುಗ ಶರಣಾದ. ಜೀವ ಉಳಿಸುತ್ತೇನೆಂದು ನನ್ನ ಪ್ಯಾಲಡಿನ್ ಮಾತು ಕೊಟ್ಟ. ಬಿಟ್ಟರೆ ನೇರ ತನ್ನ ನಾಯಕನ ಹತ್ತಿರ ಹೋಗುತ್ತಾನೆ ಎಂದು ಕಳ್ಳಿಯ ಪಾತ್ರ ಆಡುತ್ತಿದ್ದ ಗೆಳತಿ ಎಚ್ಚರಿಸಿದಳು. ರಾತ್ರಿಯಿಡೀ ನಾನೇ ಕಾವಲಿರುತ್ತೇನೆ ಎಂದೆ. ದಾಳದಲ್ಲಿ 3 ಬಿತ್ತು. ಹುಡುಗ ತಪ್ಪಿಸಿಕೊಂಡ. ಮುಂದಿನ ವಾರ ಸೇತುವೆಯ ಮೇಲೆ ನಮಗಾಗಿ ಬಿಲ್ಲುಗಾರರು ಕಾದಿದ್ದರು. ಸತ್ತದ್ದು ಕಳ್ಳಿ. ಒಂದೂವರೆ ವರ್ಷ ಆಡಿದ ಪಾತ್ರದ ಹಾಳೆಯನ್ನು ಗೆಳತಿ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ‘ಪ್ರಮಾಣ ಮಾಡಿದ್ದು ನೀನು ಕಣೋ. ನನ್ನವಳು ಯಾವಾಗ ಮಾಡಿದ್ದಳು?’ ಎಂದಳು.

ಶರಣಾದವನನ್ನು ನನ್ನ ಪ್ಯಾಲಡಿನ್ ಇವತ್ತೂ ಕೊಲ್ಲುವುದಿಲ್ಲ. ಆದರೆ ಅವಳ ಪ್ರಶ್ನೆ ಆಟಕ್ಕಿಂತ ಹಳೆಯದು. ಹರಿಶ್ಚಂದ್ರನ ಕತೆಯಲ್ಲೂ ಮಾತು ಕೊಟ್ಟವನು ರಾಜ. ಸಂತೆಯಲ್ಲಿ ಮೊದಲು ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಕಾವ್ಯದಲ್ಲಿ ಅವರು ಅಳಬಹುದು, ಕತೆಯನ್ನು ತಿರುಗಿಸಲಾರರು. ಮೇಜಿನ ಆಟದಲ್ಲಿ ಬೆಲೆ ತೆತ್ತವರು ಎದುರಿಗೇ ಕೂತಿರುತ್ತಾರೆ, ಅವರ ಕೈಯಲ್ಲೂ ದಾಳವಿರುತ್ತದೆ.

ನಿಯಮಗಳು ಈಗ ಸಡಿಲಾಗಿವೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಪ್ಯಾಲಡಿನ್ ಸಜ್ಜನನೇ ಆಗಿರಬೇಕೆಂಬ ಕಟ್ಟಳೆ ಹೋಯಿತು. 2014ರ ಐದನೇ ಆವೃತ್ತಿಯಲ್ಲಿ ಮೂರನೇ ಹಂತ ತಲುಪಿದವನು ಪ್ರಮಾಣವನ್ನು ತಾನೇ ಆರಿಸಿಕೊಳ್ಳುತ್ತಾನೆ; ಭಕ್ತಿಯದೂ ಇದೆ, ಸೇಡಿನದೂ ಇದೆ. ನಾನು ಹಳೆಯ ರೀತಿಯ, ಸತ್ಯ ಮತ್ತು ಕರುಣೆಯ ಪ್ರಮಾಣವನ್ನೇ ಹಿಡಿದಿದ್ದೇನೆ. ಯಾವುದನ್ನೂ ಮಾಡಬಹುದಾದ ಆಟದಲ್ಲಿ ಇದೊಂದನ್ನು ಮಾಡಲಾರೆ ಎನ್ನುವ ಪಾತ್ರ ನನಗೆ ಇಷ್ಟ. ಹೊರಗೆ ಅಂಥ ಮಾತು ಹೇಳುವ ಸಂದರ್ಭ ಕಡಿಮೆ. ಹೇಳಿದರೂ ಇಷ್ಟು ಬೇಗ ಪರೀಕ್ಷೆ ಬರುವುದಿಲ್ಲ.

ಎರಡು ವಾರ ಬಿಟ್ಟು ಗೆಳತಿ ಹೊಸ ಹಾಳೆ ತಂದಳು: ಸತ್ತ ಕಳ್ಳಿಯ ತಂಗಿ. ಅವಳು ನಮ್ಮ ಗುಂಪು ಸೇರಿದ್ದೇ ಅಕ್ಕನ ಲೆಕ್ಕ ಕೇಳಲು. ಏನು ಕೇಳಿದರೂ ನನ್ನ ಪ್ಯಾಲಡಿನ್ ಸುಳ್ಳು ಹೇಳುವಂತಿಲ್ಲ, ಅದು ಅವಳಿಗೂ ಗೊತ್ತು. ಆಟ ಶುರುವಾಗಿ ಎಂಟು ತಿಂಗಳಾಯಿತು. ಪ್ರತಿ ಭಾನುವಾರ ಅವಳು ಒಂದಲ್ಲ ಒಂದು ಪ್ರಶ್ನೆ ಕೇಳುತ್ತಾಳೆ, ಅವನು ಉತ್ತರಿಸುತ್ತಾನೆ. ಇನ್ನೂ ಕ್ಷಮಿಸಿಲ್ಲ.