ನೀವು ಯಾರ ಪೈಕಿ?

ಚಂದಾಪುರದಲ್ಲಿ ಈಗಿರುವ ಮನೆ ಸಿಗುವ ಮೊದಲು ಹನ್ನೊಂದು ಮನೆ ನೋಡಿದ್ದೆ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹತ್ತಿರ, ಬಾಡಿಗೆಯೂ ಬೆಂಗಳೂರಿನ ಒಳಗಿನಷ್ಟಿಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಪಕ್ಕದ ಬೊಮ್ಮಸಂದ್ರದವರೆಗೆ ಬಂದ ಮೇಲಂತೂ ನಮ್ಮಂಥವರ ಕಣ್ಣೆಲ್ಲ ಈ ಕಡೆಗೇ. ಹನ್ನೆರಡನೇ ಮನೆಯ ಓನರ್ ಅಂಕಲ್ ನೀರು, ಪಾರ್ಕಿಂಗು, ಅಡ್ವಾನ್ಸು ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: "ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?"

ಹೇಳಿದೆ. ಅವರ ಮುಖ ಸಡಿಲಾಯಿತು. ಕೀ ಕೊಟ್ಟರು.

ನನ್ನ ಜೊತೆಗೇ ಮನೆ ಹುಡುಕುತ್ತಿದ್ದ ಟೀಮಿನ ಗೆಳೆಯನಿಗೆ ಅದೇ ಬೀದಿಯಲ್ಲಿ ಅದೇ ಪ್ರಶ್ನೆ ಬಂತು. ಅವನೂ ಹೇಳಿದ. "ಮನೇಲಿ ಕೇಳಿ ಫೋನ್ ಮಾಡ್ತೀನಿ" ಅಂದವರು ಮಾಡಲೇ ಇಲ್ಲ. ಅವತ್ತು ಟೀ ಕುಡಿಯುತ್ತಾ ನಾನು ಓನರುಗಳ ಕುಲವನ್ನೇ ಬೈದೆ. ಅವನು ಗ್ಲಾಸು ಕೆಳಗಿಟ್ಟು, "ನಿಂಗೆ ಮನೆ ಸಿಕ್ತಲ್ಲ" ಅಂದ. ಅಷ್ಟೇ.

ಕೆಲವು ತಿಂಗಳಾದ ಮೇಲೆ ಅವ್ವನ ಫೋನು. ನಮ್ಮೂರು ಗೊರೇಬಾಳ, ಸಿಂಧನೂರಿನ ಹತ್ತಿರ. ಭತ್ತದ ದುಡ್ಡಲ್ಲಿ ಅಪ್ಪ ಮಾಳಿಗೆ ಮೇಲೆ ಎರಡು ರೂಮು ಕಟ್ಟಿಸಿದ್ದಾನೆ. ಸಿಂಧನೂರಲ್ಲಿ ನೌಕರಿ ಮಾಡುವವರು, ಬಾಡಿಗೆ ಕಡಿಮೆಯಾದೀತು, ಬೈಕಿನಲ್ಲಿ ಓಡಾಡಿದರಾಯಿತು ಅಂತ ಆಗಾಗ ಕೇಳಿಕೊಂಡು ಬರುತ್ತಾರೆ.

"ಕಾಲೇಜಿನ ಮಾಸ್ತರೊಬ್ರು ಬಂದಿದ್ರು. ಮನಿ ಭಾಳ ಚಲೋ ಐತಿ ಅಂದ್ರು. ನಾ ಕೊಡ್ಲಿಲ್ಲ."

"ಯಾಕವ್ವಾ?"

"ಯಾರ ಪೈಕಿ ಅಂತ ಕೇಳ್ದೆ. ಹೇಳಿದ್ರು."

ನಾನು ಭಾಷಣ ಶುರು ಮಾಡಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಬಂಗಾಳದ ನಿರಾಶ್ರಿತರಿಗೂ ನಮ್ಮ ತಾಲೂಕು ಜಾಗ ಕೊಟ್ಟಿತು, ಅಂಥಾ ಸೀಮೆಯವರು ನಾವು ಹೀಗೆ ಕೇಳೋದಾ ಅಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಹೌದಪಾ, ಅವ್ರು ಕ್ಯಾಂಪಿನ್ಯಾಗ ಅದಾರ. ನಮ್ಮ ಮಾಳಿಗಿ ಮ್ಯಾಗ ಇಲ್ಲ." ಸ್ವಲ್ಪ ತಡೆದು, "ಬೆಂಗ್ಳೂರಾಗ ನಿನ್ನ ಕೇಳ್ದಾಗ ನೀ ಏನಂದಿ?"

"ಹೇಳ್ದೆ."

"ಹೇಳೂದಿಲ್ಲ ಅನ್ನಬೇಕಿತ್ತಲ್ಲ?"

ಆ ರಾತ್ರಿ ನನ್ನ ಬಾಡಿಗೆ ಕರಾರು ತೆಗೆದು ಓದಿದೆ. 11 ತಿಂಗಳದ್ದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ. ಗೋಡೆಗೆ ಮೊಳೆ ಹೊಡೆಯಬಾರದು ಅನ್ನುವುದರಿಂದ ಹಿಡಿದು ಪೇಂಟಿಂಗ್ ಖರ್ಚಿನ ತನಕ ಎಲ್ಲ ಇದೆ. ಆ ಪ್ರಶ್ನೆ ಮಾತ್ರ ಎಲ್ಲೂ ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನುತ್ತದೆ. ಬಾಡಿಗೆ ಮನೆಯ ಹೆಸರು ಆ ಸಾಲಿನಲ್ಲಿಲ್ಲ. ಕಾಗದದಲ್ಲಿ ಬರೆಯದ ಷರತ್ತೇ ಎಲ್ಲಕ್ಕಿಂತ ಮೊದಲನೆಯದು. ಓನರಿಗೆ ಉತ್ತರ ಕೊಟ್ಟಾಗಲೇ ನಾನು ಅದಕ್ಕೂ ಸಹಿ ಹಾಕಿಬಿಟ್ಟಿದ್ದೆ.

ಮರುದಿನ ಅವ್ವನಿಂದ ನಂಬರ್ ತಗೊಂಡು ಮಾಸ್ತರಿಗೆ ಫೋನ್ ಮಾಡಿದೆ. ತಪ್ಪಾಯ್ತು ಸರ್, ಮನೆ ಇನ್ನೂ ಖಾಲಿ ಇದೆ, ಬನ್ನಿ ಅಂದೆ. ಅವರಿಗೆ ಸಿಟ್ಟೇನೂ ಇದ್ದಂತೆ ಕಾಣಲಿಲ್ಲ. "ಇರ್ಲಿ ಬಿಡ್ರಿ. ಸಿಂಧನೂರಾಗ ಸಿಕ್ಕೈತಿ. ಬಾಡಿಗಿ ಸ್ವಲ್ಪ ಜಾಸ್ತಿ, ಅಷ್ಟ."

ಆ ಜಾಸ್ತಿ ದುಡ್ಡು ನಮ್ಮ ಪ್ರಶ್ನೆಯ ರೇಟು. ಅವರು ಅದನ್ನು ತಿಂಗಳು ತಿಂಗಳು ಕಟ್ಟುತ್ತಾರೆ. ನಾನು ಒಂದು ತಿಂಗಳೂ ಕಟ್ಟಿಲ್ಲ.

ಮೊನ್ನೆ ಅವ್ವ ಮತ್ತೆ ಫೋನ್ ಮಾಡಿದ್ದಳು. "ಬ್ಯಾರೆಯವ್ರು ಬಂದಿದ್ರು. ಎಷ್ಟು ಮಂದಿ ಇರ್ತೀರಿ, ಏನ್ ಕೆಲ್ಸ ಅಂತಷ್ಟ ಕೇಳೀನಿ."

ನನಗೆ ಖುಷಿಯಾಯಿತು.

"ಹೆಸ್ರು ಕೇಳೀನಿ ಮತ್ತ," ಅಂದಳು. "ಹೆಸ್ರಿನ್ಯಾಗ ಗೊತ್ತಾಗ್ತೈತಲ್ಲ."

ಅವ್ವನ ಜೊತೆಗಿನ ಜಗಳ ಇನ್ನೂ ಮುಗಿದಿಲ್ಲ. ಇತ್ತ ನನ್ನ 11 ತಿಂಗಳು ಮುಗಿಯುತ್ತ ಬಂದಿವೆ. ಮುಂದಿನ ಓನರು ದನಿ ತಗ್ಗಿಸಿದಾಗ "ಅದನ್ನ ಹೇಳೋದಿಲ್ಲ ಸರ್" ಅನ್ನಬೇಕು ಅಂದುಕೊಂಡಿದ್ದೇನೆ. ಆ ಮನೆ ಸಿಗಲಿಕ್ಕಿಲ್ಲ. ಇನ್ನಷ್ಟು ಮನೆ ನೋಡಬೇಕಾದೀತು. ನನ್ನ ಗೆಳೆಯ ಮೂವತ್ತು ನೋಡಿದ್ದ.